ಮೇರು ದಾಟಿದ ಎಣಿಕೆ

ಜಪಮಾಲೆಯಲ್ಲಿ ನೂರೆಂಟು ಮಣಿಗಳಿದ್ದರೂ ಲೆಕ್ಕಕ್ಕೆ ಹಿಡಿಯುವುದು ನೂರನ್ನು ಮಾತ್ರ. ಉಳಿದ ಎಂಟು ನಮ್ಮ ತಪ್ಪುಗಳಿಗೆ. ಆಕಳಿಸಿದ್ದು, ತೂಕಡಿಸಿದ್ದು, ನಾಲಿಗೆ ತೊಡರಿದ್ದು, ಒಲೆಯ ಮೇಲಿಟ್ಟ ಹಾಲಿನ ಕಡೆ ಮನಸ್ಸು ಹೋದದ್ದು, ಎಲ್ಲವೂ ಆ ಎಂಟರಲ್ಲಿ ವಜಾ ಆಗಿಬಿಡುತ್ತವೆ. ಇದನ್ನು ನನಗೆ ಹೇಳಿಕೊಟ್ಟವರು ಕಾಕು. ಆಗ ನನಗೆ ಏಳೋ ಎಂಟೋ ವರ್ಷ. ಬನಾರಸದ ಶಿವಾಲ ಎಂಬ ಕೇರಿಯಲ್ಲಿ, ಗಲ್ಲಿಯೊಳಗಿನ ಗಲ್ಲಿಯಲ್ಲಿರುವ ಒಂದು ಹಳೆಯ ಮನೆ. ಕೆಳಗೆ ಅವರು, ಮೇಲೆ ನಾವು. ಕಾಕು ಅಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನೂ ಇಲ್ಲ. ಅವರೂ ಧಾರವಾಡದ ಕಡೆಯವರು, ನಮ್ಮ ಹಿರಿಯರೂ ಆ ಕಡೆಯವರು, ಅಷ್ಟೇ. ಈ ಊರಿನಲ್ಲಿ ಕನ್ನಡ ಮಾತಾಡುವ ಮನೆಗಳು ಬೆರಳೆಣಿಕೆಯಷ್ಟು, ಹಾಗಾಗಿ ಸಂಬಂಧಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಕಾಕುವಿನ ಯಜಮಾನರು ನನಗೆ ಕಾಕಾ ಆದರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಕೇದಾರ ಘಾಟಿನಲ್ಲಿ ಸಂಕಲ್ಪ, ತರ್ಪಣ, ಪಿಂಡಪ್ರದಾನ ಮಾಡಿಸುವುದು ಅವರ ವೃತ್ತಿ. ಇಬ್ಬರಿಗೂ ಮಕ್ಕಳಿರಲಿಲ್ಲ, ಆ ಜಾಗದಲ್ಲಿ ನಾನಿದ್ದೆ.

ಮಾಲೆಯ ಎರಡು ತುದಿ ಸೇರುವಲ್ಲಿ ಒಂದು ದೊಡ್ಡ ಮಣಿ ಇರುತ್ತದೆ, ಅದು ಮೇರು. ಎಣಿಸುತ್ತ ಬಂದ ಬೆರಳು ಅಲ್ಲಿ ನಿಲ್ಲಬೇಕು. ಅದನ್ನು ದಾಟಿ ಮುಂದೆ ಹೋಗುವಂತಿಲ್ಲ. ಮಾಲೆಯನ್ನು ಕೈಯಲ್ಲೇ ತಿರುಗಿಸಿಕೊಂಡು ಬಂದ ದಾರಿಯಲ್ಲೇ ವಾಪಸು ಹೊರಡಬೇಕು. ನಾನು ಮೊದಲಿನಿಂದ ಅವಸರದವಳು, ಬೇಗ ಮುಗಿಸಿ ಆಡಲು ಓಡಬೇಕೆಂದು ಮೇರುವನ್ನು ದಾಟಿಬಿಡುತ್ತಿದ್ದೆ. ಕಾಕು ಬೆರಳಿನ ಗೆಣ್ಣಿಗೆ ಮೆಲ್ಲಗೆ ಹೊಡೆದು, "ಮಾಲಿ ಅಂದ್ರ ಬರೇ ಸುತ್ತು. ಮೇರು ಇರಲಿಲ್ಲಂದ್ರ ನೀ ಎಲ್ಲಿದ್ದೀ ಅನ್ನೂದ ತಿಳ್ಯಂಗಿಲ್ಲ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಲವತ್ತು ದಾಟಿದ ಮೇಲೂ ಆ ಸಿಟ್ಟು ಮೂಗಿನ ತುದಿಯಿಂದ ಇಳಿದಿಲ್ಲ, ಈ ಕಥೆಯಲ್ಲಿ ಅದರ ಪಾಲೂ ಇದೆ.

ನನ್ನ ಹೊಟ್ಟೆಪಾಡು ಪ್ರೋಗ್ರಾಮ್ ಬರೆಯುವುದು. ಅಪ್ಪ ಅಮ್ಮ ತೀರಿಕೊಂಡ ಮೇಲೂ ನಾನು ಆ ಮನೆ ಬಿಡಲಿಲ್ಲ. ಮಂಗಗಳು ನುಗ್ಗದಂತೆ ಕಿಟಕಿಗೆ ಜಾಲರಿ ಹೊಡೆಸಿ, ಮಹಡಿಯ ಮೇಲೆ ಕುಳಿತು ಪುಣೆಯ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಟ್ಯಾಂಕಿನಲ್ಲಿ ನೀರು ಎಷ್ಟಿದೆಯೆಂದು ನೋಡಿ ತಾನಾಗಿಯೇ ಪಂಪು ಶುರು ಮಾಡುವ, ನಿಲ್ಲಿಸುವ ಸಣ್ಣ ಪೆಟ್ಟಿಗೆಗಳಿಗೆ ಬುದ್ಧಿ ತುಂಬುವುದು ನನ್ನ ಪಾಲಿನ ಕೆಲಸ. ಆ ಪೆಟ್ಟಿಗೆಗಳ ಒಳಗೆ ಜಾಗ ಕಡಿಮೆ. ಹಾಗಾಗಿ ಯಾವ ಸಂಖ್ಯೆಗೆ ಎಷ್ಟು ಬೇಕೋ ಅಷ್ಟೇ ಜಾಗ ಕೊಟ್ಟು, ಒಂದು ಬೈಟನ್ನೂ ಹಾಳು ಮಾಡದಿರುವುದು ಕೈಗೆ ಹತ್ತಿಹೋಗಿದೆ.

ನಾವು ಬಳಸುವ ಭಾಷೆಯಲ್ಲಿ ಇನ್ನೊಂದು ಅನುಕೂಲವಿದೆ. ಪ್ರತಿ ಸಂಖ್ಯೆಗೂ ಅದರ ಗಡಿ ಯಾವುದೆಂದು ಮೊದಲೇ ಹೇಳಿಡಬಹುದು. ಟ್ಯಾಂಕಿನ ಮಟ್ಟ ಸೊನ್ನೆಯಿಂದ ನೂರರೊಳಗೆ ಎಂದು ಒಮ್ಮೆ ಬರೆದಿಟ್ಟರೆ ಮುಗಿಯಿತು. ಎಲ್ಲಿಂದಲೋ ನೂರಾ ಒಂದು ಬಂದ ಗಳಿಗೆಯಲ್ಲಿ ಪ್ರೋಗ್ರಾಮ್ ಅಲ್ಲೇ ನಿಂತು, ಇದು ಆಗಬಾರದ ಸಂಖ್ಯೆ ಎಂದು ಹೇಳುತ್ತದೆ. ಪಂಪು ನಿಲ್ಲುತ್ತದೆ. ಜನ ಬೈಯುತ್ತಾರೆ. ಬೈಯಲಿ. ನಿಂತುಹೋದ ಪಂಪಿನಿಂದ ಯಾರ ಮನೆಯೂ ಮುಳುಗುವುದಿಲ್ಲ. ಸುಳ್ಳು ಮಟ್ಟ ತೋರಿಸುತ್ತ ಓಡುತ್ತಲೇ ಇರುವ ಪಂಪಿನಿಂದ ಅನಾಹುತ ಆಗುತ್ತದೆ. ತಪ್ಪು ಕಂಡ ದಿನವೇ ಅದು ಯಾವಾಗಿನಿಂದ ಇತ್ತು, ಯಾರಿಗೆ ತೊಂದರೆಯಾಯಿತು ಎಂದು ಬರೆದು ಎಲ್ಲರಿಗೂ ತಿಳಿಸಬೇಕು ಎಂಬ ನಿಯಮವನ್ನೂ ಅಲ್ಲಿ ನಾನೇ ಹಟ ಹಿಡಿದು ತಂದದ್ದು. ಹೊಸದಾಗಿ ಸೇರಿದವರ ತಲೆ ತಿಂದು ತಿಂದು ಇದನ್ನು ಹೇಳಿದ್ದೇನೆ. ನನ್ನ ಹಿಂದೆ ಅವರು ನನಗೆ ಏನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ.

ಒಂದು ಶಿವರಾತ್ರಿಯ ನಂತರ ಬನಾರಸದಲ್ಲೇ ಇರುವ ನಮ್ಮ ಕಡೆಯ ಮಠದವರು ಕೋಟಿ ಪಂಚಾಕ್ಷರಿ ಜಪ ಮಾಡಿಸಲು ಸಂಕಲ್ಪ ಮಾಡಿದರು. ಬನಾರಸದ ಕನ್ನಡದ ಮನೆಗಳವರು, ಊರ ಕಡೆಯ ಭಕ್ತರು, ತಾವು ದಿನಕ್ಕೆ ಎಷ್ಟು ಜಪ ಮಾಡಿದರೋ ಅದನ್ನು ಫೋನಿನಲ್ಲೇ ತಿಳಿಸಬೇಕು, ಎಲ್ಲ ಸೇರಿ ಕೋಟಿ ಮುಟ್ಟಬೇಕು. ಮಠದ ಸ್ವಾಮಿಗಳು ನನ್ನನ್ನು ಕರೆಸಿ, ಇಂಥದ್ದೊಂದು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ನಾನು ಒಪ್ಪಿಕೊಂಡದ್ದು ಭಕ್ತಿಯಿಂದಲ್ಲ. ಇದೇನು ಮಹಾ, ಎರಡು ಸಂಜೆಯ ಕೆಲಸ ಎಂಬ ಜಂಬದಿಂದ. ದೇವರ ಮೇಲೆ ನನಗೆ ಹೇಳಿಕೊಳ್ಳುವಂಥ ನಂಬಿಕೆಯಿಲ್ಲ. ಕಾಕುವಿನ ಮೇಲೆ ಇತ್ತು.

ಅಭ್ಯಾಸ ಬಲದಿಂದ ಇಲ್ಲಿಯೂ ಗಡಿ ಬರೆದೆ. ಒಂದು ದಿನದ ಜಪ ಸೊನ್ನೆಯಿಂದ ಇಪ್ಪತ್ತು ಸಾವಿರದೊಳಗೆ. ಅದಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಮಾಡುವ ಶಕ್ತಿ ಯಾರಿಗೂ ಇರಲಾರದು ಎಂದುಕೊಂಡೆ, ಅದು ಸರಿಯಾಗಿಯೇ ಇತ್ತು. ಎಲ್ಲರಿಗೂ ತೋರಿಸುವ ದಿನ ಮಠದ ಹಜಾರ ತುಂಬಿತ್ತು. ಮೊದಲ ಜಪವನ್ನು ಹಿರಿಯ ಸಾಧುಗಳೊಬ್ಬರು ತುಂಬಲಿ ಎಂದರು. ಅವರು ಕನ್ನಡಕ ಏರಿಸಿ, ತೋರುಬೆರಳಿನಿಂದ ಒಂದೊಂದೇ ಅಂಕಿ ಒತ್ತಿ, ಜಪದ ಖಾನೆಯಲ್ಲಿ ತಮ್ಮ ಮೊಬೈಲ್ ನಂಬರನ್ನು ಬರೆದರು. ಪ್ರೋಗ್ರಾಮ್ ಗಕ್ಕನೆ ನಿಂತಿತು. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಿಟ್ಟರೆ ಏನೂ ಇಲ್ಲ. ಅದು ನಿಲ್ಲಬೇಕಾದ ಕಡೆಯೇ ನಿಂತಿತ್ತು, ಆದರೆ ಅಲ್ಲಿದ್ದವರಿಗೆ ಅದೆಲ್ಲ ಏನು ಗೊತ್ತು. ಹಿಂದಿನಿಂದ ಯಾರೋ, ನಮಗಿಂತ ಮೊದಲು ಇದೇ ಸಮಾಧಿಗೆ ಹೋಯಿತಲ್ಲ ಎಂದರು. ಹಜಾರವೆಲ್ಲ ನಕ್ಕಿತು. ಸ್ವಾಮಿಗಳೂ ನಕ್ಕರು. ಕಾಕು ಮಾತ್ರ ನಗಲಿಲ್ಲ, ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮನೆಗೆ ಬರುವಾಗ ತಲೆ ಕಾದ ಹಂಚಾಗಿತ್ತು. ಮಾಡಬೇಕಾಗಿದ್ದದ್ದು ಇಷ್ಟೇ: ಗಡಿ ಮೀರಿದಾಗ, ಸಂಖ್ಯೆ ಸರಿಯಿಲ್ಲ, ಇನ್ನೊಮ್ಮೆ ಹಾಕಿ ಎಂದು ಕನ್ನಡದಲ್ಲಿ ಒಂದು ಮಾತು ತೋರಿಸುವುದು. ಅದಕ್ಕೂ ನನಗೆ ತಾಳ್ಮೆ ಇರಲಿಲ್ಲ. ಫೋನ್ ನಂಬರು ಹಿಡಿಯದಷ್ಟು ಆ ಖಾನೆಯನ್ನು ಚಿಕ್ಕದು ಮಾಡಿ, ಇಡೀ ಪ್ರೋಗ್ರಾಮಿನ ಗಡಿ ತಪಾಸಣೆಯನ್ನೇ ಬಂದ್ ಮಾಡಿಬಿಟ್ಟೆ. ಅದಕ್ಕೆ ಒಂದೇ ಒಂದು ಸಾಲು ಸಾಕು. ಇನ್ನು ಮೇಲೆ ಏನೇ ಆಗಲಿ ಇದು ಎಲ್ಲೂ ನಿಲ್ಲಬಾರದು, ನಾನು ಇನ್ನೊಮ್ಮೆ ಆ ಹಜಾರದಲ್ಲಿ ನಗೆಪಾಟಲಾಗಬಾರದು, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಕಚೇರಿಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ಕೆಲವು ವಾರ ಕಳೆದ ಮೇಲೆ ಸ್ವಾಮಿಗಳು, ಪ್ರತಿಯೊಬ್ಬರಿಗೂ ತಮ್ಮ ತಮ್ಮ ಒಟ್ಟು ಜಪ ಕಂಡರೆ ಹುರುಪು ಬರುತ್ತದೆ ಎಂದರು. ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಅದನ್ನೂ ಸೇರಿಸಿದೆ. ಒಂದು ದಿನದ ಜಪಕ್ಕೆಂದು ಮಾಡಿಟ್ಟ ಸಂಖ್ಯೆಯ ಜಾತಿ ಇತ್ತಲ್ಲ, ಒಟ್ಟು ಮೊತ್ತಕ್ಕೂ ಅದನ್ನೇ ಎತ್ತಿ ಹಾಕಿದೆ. ತಪಾಸಣೆ ಇದ್ದಿದ್ದರೆ ಯಾರದಾದರೂ ಮೊತ್ತ ಇಪ್ಪತ್ತು ಸಾವಿರ ದಾಟಿದ ದಿನವೇ ಪ್ರೋಗ್ರಾಮ್ ನಿಂತು ನನ್ನ ಕಿವಿ ಹಿಂಡುತ್ತಿತ್ತು. ಬಂದ್ ಮಾಡಿದ್ದೆನಲ್ಲ, ಅದು ಬಾಯಿ ಮುಚ್ಚಿಕೊಂಡು ನಡೆಯಿತು. ಆ ಜಾತಿಯ ಸಂಖ್ಯೆಗೆ ಯಂತ್ರ ಕೊಟ್ಟಿದ್ದು ಎರಡು ಬೈಟಿನ ಜಾಗ. ಅಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು. ಅದಕ್ಕೆ ಇನ್ನೊಂದು ಕೂಡಿಸಿದರೆ ಎಣಿಕೆ ಸುತ್ತು ಹೊಡೆದು, ಸೊನ್ನೆಯ ಆಚೆಗಿನ ಕಟ್ಟಕಡೆಯ ತುದಿಗೆ, ಮೈನಸ್ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟಕ್ಕೆ ಹೋಗಿ ಬೀಳುತ್ತದೆ. ಅಲ್ಲಿಂದ ಏನೂ ಆಗದವರಂತೆ ಮತ್ತೆ ಎಣಿಸುತ್ತ ಬರುತ್ತದೆ. ಮೇರು ಇಲ್ಲದ ಮಾಲೆ. ಈ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ.

ಆಷಾಢದಲ್ಲಿ ಕಾಕಾ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕುಸಿದರು. ಯಾತ್ರಿಕರ ಕೈಗೆ ದರ್ಭೆ ಕೊಡಲು ಹೋದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ನಮ್ಮ ಗಲ್ಲಿಗಳಲ್ಲಿ ಗಾಡಿ ಬರುವುದಿಲ್ಲ, ನಾವು ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಸೋನಾರ್‌ಪುರದ ರಸ್ತೆಯವರೆಗೆ ಹೊತ್ತುಕೊಂಡು ಹೋಗಿ, ಅಲ್ಲಿಂದ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಲಕ್ವ. ಎರಡು ವಾರದ ಮೇಲೆ ಮನೆಗೆ ಬಂದಾಗ ಬಲಗೈ ಬಲಗಾಲಿಗೆ ಸ್ವಾಧೀನ ಇರಲಿಲ್ಲ, ಮಾತೂ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಮಂತ್ರ ಹೇಳುತ್ತಿದ್ದ ಬಾಯಿ ಒಂದು ಕಡೆಗೆ ಜಗ್ಗಿಹೋಗಿತ್ತು. ತಿಳಿವಳಿಕೆ ಪೂರ್ತಿ ಇತ್ತು, ಅದೇ ಹೆಚ್ಚು ಸಂಕಟ. ಎಡಗೈಯ ತೋರುಬೆರಳು ಎತ್ತಿದರೆ ಹೌದು, ಎತ್ತದಿದ್ದರೆ ಇಲ್ಲ. ಅವರಿಗೂ ನಮಗೂ ನಡುವೆ ಉಳಿದದ್ದು ಅಷ್ಟೇ.

ಅಲ್ಲಿಯವರೆಗೆ ಫೋನಿನಲ್ಲಿ ಜಪ ತುಂಬದಿದ್ದ ಕಾಕು ಅವರಿಗಾಗಿ ಒಂದು ಲಕ್ಷ ಪಂಚಾಕ್ಷರಿ ಸಂಕಲ್ಪ ಮಾಡಿದರು. ಬೆಳಿಗ್ಗೆ ಐದು ಮಾಲೆ, ಸಂಜೆ ಐದು ಮಾಲೆ, ದಿನಕ್ಕೆ ಸಾವಿರ. ಮಠದ ಕೋಟಿಗೂ ಸೇರಿತು, ಅವರ ಲಕ್ಷಕ್ಕೂ ಸೇರಿತು. ಕಾಕಾನ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು, ಜಪದ ಚೀಲದೊಳಗೆ ಕೈಯಿಟ್ಟು ಕೂರುತ್ತಿದ್ದರು. ಸಂಜೆಯ ದೀಪ ಹಚ್ಚಿದ ಮೇಲೆ ಫೋನು ತೆಗೆದು ಆ ದಿನದ ಸಾವಿರ ತುಂಬಿ, ಪರದೆಯನ್ನು ಕಾಕಾನ ಕಣ್ಣ ಮುಂದೆ ಹಿಡಿದು, ಇವತ್ತಿಗೆ ಇಷ್ಟಾತರೀ ಎಂದು ಹೇಳುತ್ತಿದ್ದರು. ಕಾಕಾ ಆ ಸಂಖ್ಯೆಯನ್ನು ನಿಧಾನಕ್ಕೆ ಓದಿ ಬೆರಳು ಎತ್ತುತ್ತಿದ್ದರು.

ಸೋನಾರ್‌ಪುರದಿಂದ ಮೊಸರು ತಂದುಕೊಡುವ ನೆವದಲ್ಲಿ ನಾನು ಹೆಚ್ಚಾಗಿ ಆ ಹೊತ್ತಿಗೆ ಕೆಳಗಿಳಿಯುತ್ತಿದ್ದೆ. ಏಳು ಸಾವಿರಕ್ಕೆ ಬೆರಳು ಎತ್ತಿದ್ದನ್ನು ನೋಡಿದ್ದೇನೆ, ಹದಿನೈದು ಸಾವಿರಕ್ಕೆ ಎತ್ತಿದ್ದನ್ನೂ ನೋಡಿದ್ದೇನೆ. ಇಪ್ಪತ್ತೈದು ಸಾವಿರ ಆದ ದಿನ ಕಾಕಾನ ಜಗ್ಗಿದ ಬಾಯಿಯ ಇನ್ನೊಂದು ತುದಿಯಲ್ಲಿ ನಗು ಕಂಡಂತಾಯಿತು. ಐವತ್ತು ವರ್ಷ ಬಾಳಿದ ಗಂಡಹೆಂಡಿರ ಮಾತುಕತೆ ದಿನಕ್ಕೊಂದು ಸಂಖ್ಯೆ, ಒಂದು ಬೆರಳು ಇಷ್ಟಕ್ಕೆ ಬಂದು ನಿಂತಿತ್ತು. ಆದರೂ ಅದು ಮಾತುಕತೆಯೇ. ಕಾಕು ಇಡೀ ದಿನ ಆ ಗಳಿಗೆಗಾಗಿ ದುಡಿಯುತ್ತಿದ್ದರು, ಕಾಕಾ ಇಡೀ ದಿನ ಅದಕ್ಕಾಗಿ ಕಾಯುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ, ಆ ಸಂಖ್ಯೆ ತೋರಿಸುತ್ತಿದ್ದದ್ದು ನನ್ನ ಪ್ರೋಗ್ರಾಮ್ ಅಲ್ಲವೇ.

ಮೂವತ್ತೆರಡು ದಿನ ಹೀಗೆ ನಡೆಯಿತು. ಮೂವತ್ತಮೂರನೆಯ ದಿನ, ಒಂದು ಬುಧವಾರ, ನಾನು ಕೆಳಗೆ ಹೋಗಿರಲಿಲ್ಲ. ಅಂದು ಏನಾಯಿತೆಂದು ಗೊತ್ತಾದದ್ದು ಆಮೇಲೆ. ಕಾಕು ಎಂದಿನಂತೆ ಸಾವಿರ ತುಂಬಿದ್ದಾರೆ. ಮೂವತ್ತಮೂರು ಸಾವಿರ ಕಾಣಬೇಕಾದಲ್ಲಿ ಮೈನಸ್ ಮೂವತ್ತೆರಡು ಸಾವಿರದ ಐನೂರ ಮೂವತ್ತಾರು ಕಂಡಿದೆ. ಮೆಟ್ರಿಕ್‌ವರೆಗೆ ಓದಿದವರು, ಮೈನಸ್ ಅಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನ ಪರದೆಯನ್ನು ಅವರು ಕಾಕಾನಿಗೆ ತೋರಿಸಲಿಲ್ಲ. ಫೋನನ್ನು ಒಂದು ಅರಿವೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟರು. ಜಪದ ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದರು.

ಮರುದಿನ ಸಂಜೆ ಮೊಸರು ತೆಗೆದುಕೊಂಡು ಹೋದಾಗ ನಾನು ಆ ಚೀಲವನ್ನು ನೋಡಿದೆ. ಯಾಕೆ ಕಾಕು, ಇವತ್ತು ಜಪ ಇಲ್ಲವೇ ಎಂದು ಕೇಳಿದೆ. ಕೈ ನೋಯುತ್ತದೆ ಎಂದರು. ಸರಿ, ಮುಲಾಮು ಹಚ್ಚಿಕೊಳ್ಳಿ ಎಂದೆ. ಶ್ರಾವಣದ ದಿನಗಳು, ಗಂಗಾಜಲದ ಕಾವಡಿ ಹೊತ್ತವರ ಗುಂಪುಗಳ ಧ್ವನಿವರ್ಧಕದ ಅಬ್ಬರಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ಮೇಲೆ ಪುಣೆಯವರ ಕರೆ ಬೇರೆ ಕಾಯುತ್ತಿತ್ತು. ಕಾಕು ದೀಪ ಹಚ್ಚಿದರು. ಕಾಕಾನ ಕಣ್ಣು ಅವರ ಕೈಯನ್ನೇ ಹಿಂಬಾಲಿಸುತ್ತಿತ್ತು. ದೀಪದಿಂದ ಗೂಡಿಗೆ, ಗೂಡಿನಿಂದ ಮತ್ತೆ ಕೈಗೆ. ಇದನ್ನು ನಾನು ನೋಡಿದೆ. ನೋಡಿಯೂ ಏನೂ ಯೋಚಿಸದೆ ಮೇಲೆ ಹತ್ತಿಹೋದೆ.

ಸೋಮವಾರ ಬೆಳಿಗ್ಗೆ, ಯಾರ್ಯಾರ ಜಪ ಎಷ್ಟಾಗಿದೆ ಎಂಬ ಪಟ್ಟಿಯನ್ನು ಮುದ್ರಿಸಿಕೊಡು ಎಂದು ಮಠದಿಂದ ಹೇಳಿಕಳಿಸಿದರು. ತೆರೆದು ನೋಡಿದರೆ ಕಾಕುವಿನ ಸಾಲಿನಲ್ಲಿ ಮೈನಸ್. ಉಳಿದವರೆಲ್ಲ ದಿನಕ್ಕೆ ಒಂದೇ ಮಾಲೆ, ನೂರು ಜಪ ಮಾಡುವವರು, ಅವರಾರೂ ಆ ಅಂಚಿನ ಹತ್ತಿರಕ್ಕೂ ಬಂದಿರಲಿಲ್ಲ. ಕೋಟಿಯ ಲೆಕ್ಕವನ್ನು ಬೇರೆಯಾಗಿ ದೊಡ್ಡ ಜಾಗದಲ್ಲಿಟ್ಟಿದ್ದರಿಂದ ಅದು ಕೆಟ್ಟಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಮಾಡಿದವರ ಲೆಕ್ಕ ಮಾತ್ರ ತಲೆಕೆಳಗಾಗಿತ್ತು. ಏನಾಗಿದೆ ಎಂದು ತಿಳಿಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಗಡಿ ತಪಾಸಣೆಯನ್ನು ಮತ್ತೆ ಹಾಕಿದೆ. ಒಟ್ಟು ಮೊತ್ತಕ್ಕೆ ಸೊನ್ನೆಯಿಂದ ಕೋಟಿಯವರೆಗೆ ಎಂದು ಅದರದೇ ಗಡಿ ಬರೆದೆ. ಮೀರಿದರೆ ಕನ್ನಡದಲ್ಲಿ ಒಂದು ಮಾತು ಬರುವಂತೆ ಮಾಡಿದೆ, ಎರಡು ಸಾಲಿನ ಕೆಲಸ. ಕಾಕುವಿನ ಸಾಲನ್ನು ಮೂವತ್ತಮೂರು ಸಾವಿರಕ್ಕೆ ತಿದ್ದಿದೆ. ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಲಿಲ್ಲ.

ತಿದ್ದುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಬುಧವಾರದ ನಂತರ ಕಾಕು ಏನೂ ತುಂಬಿರಲಿಲ್ಲ. ಕೈ ನೋವು ಎಂದಿದ್ದರಲ್ಲ ಎಂದುಕೊಂಡೆ. ಮೈನಸ್ಸನ್ನು ನೋಡಿದ್ದರೆ ಮೇಲೆ ಹತ್ತಿಬಂದು, ಇದೇನೇ ನಿನ್ನ ಯಂತ್ರ ಎಂದು ಕೇಳದೆ ಬಿಡುತ್ತಿದ್ದರೇ, ನೋಡಿರಲಿಕ್ಕಿಲ್ಲ, ಈಗ ಸರಿಯೂ ಆಯಿತು, ಸುಮ್ಮನೆ ಯಾಕೆ ಎತ್ತಿ ಆಡಬೇಕು. ಹೀಗೆಲ್ಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಒಳಗಿನ ಮಾತು ಬೇರೆ ಇತ್ತು. ಕಾಕುವಿಗೆ ಹೇಳಿದರೆ ಅವರು ಸ್ವಾಮಿಗಳ ಮುಂದೆ ಹೇಳುತ್ತಾರೆ, ಹಜಾರ ಮತ್ತೆ ನಗುತ್ತದೆ. ಅಂದು ಸಂಜೆ ಹೇಳಿಯೇ ಬಿಡೋಣವೆಂದು ಹೊರಟವಳು ಅರ್ಧ ಮೆಟ್ಟಿಲು ಇಳಿದೆ. ಕೆಳಗೆ ಕಾಕು ಬೆಂಕಿಕಡ್ಡಿ ಗೀರಿದ್ದು ಕೇಳಿಸಿತು. ದೀಪದ ಹೊತ್ತಿನಲ್ಲಿ ಬೇಡ, ನಾಳೆ ಹೇಳಿದರಾಯಿತು ಎಂದು ಅಲ್ಲಿಂದಲೇ ವಾಪಸಾದೆ. ಮಂಗಳವಾರ ಕಚೇರಿಯ ಕೆಲಸ ಮೈಮೇಲೆ ಬಿತ್ತು. ಬುಧವಾರ, ಗುರುವಾರ ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ಹೇಳಲಿಲ್ಲ.

ಶುಕ್ರವಾರ ಬೆಳಗಿನ ಹಾಲು ಬರುವ ಹೊತ್ತಿಗೆ ಕಾಕಾ ಹೋಗಿಬಿಟ್ಟಿದ್ದರು. ಇನ್ನೊಂದು ಸಲ ಲಕ್ವ ಹೊಡೆದಿರಬೇಕು ಎಂದರು ಡಾಕ್ಟರು. ಮೊದಲ ದಿನವೇ ಅವರು ನಮ್ಮನ್ನು ಎಚ್ಚರಿಸಿದ್ದರು, ಇದು ಯಾವಾಗ ಬೇಕಾದರೂ ಮರುಕಳಿಸಬಹುದು ಎಂದು. ನದಿ ಮೇಲೇರಿ ಘಾಟುಗಳೆಲ್ಲ ನೀರಿನೊಳಗಿದ್ದವು, ಹರಿಶ್ಚಂದ್ರ ಘಾಟಿನ ಚಿತೆಗಳು ಗಲ್ಲಿಯ ಬಾಯಿಗೆ ಬಂದಿದ್ದವು. ಎಷ್ಟೋ ಸಾವಿರ ಜನರನ್ನು ನದಿಯ ಅಂಚಿನಲ್ಲಿ ಕೂರಿಸಿ ಕರ್ಮ ಮಾಡಿಸಿದವರನ್ನು ಇಟ್ಟಿಗೆ ಗೋಡೆಗಳ ನಡುವೆ ಸುಟ್ಟೆವು. ಧಾರವಾಡದಿಂದ ಅವರ ಅಣ್ಣನ ಮಗ ಬಂದು ಹದಿಮೂರು ದಿನದ ಕಾರ್ಯ ಮುಗಿಸಿಕೊಟ್ಟು ಹೋದ.

ಅವನು ಹೋದ ಮರುದಿನ ಇಳಿಹೊತ್ತಿನಲ್ಲಿ ಕಾಕು ಮೆಟ್ಟಿಲ ಹತ್ತಿರ ಬಂದು ನನ್ನನ್ನು ಕೂಗಿದರು. ಕೈಯಲ್ಲಿ ಅರಿವೆಯ ಗಂಟು. ಬಿಚ್ಚಿದರೆ, ಚಾರ್ಜಿಗೆ ಹಾಕಿ ತಂದ ಫೋನು. ಇದರೊಳಗಿನ ಜಪದ್ದನ್ನು ತೆಗೆದುಬಿಡು, ನನಗೆ ಅದರ ಹಕ್ಕಿಲ್ಲ ಎಂದರು. ಯಾಕೆಂದು ಕೇಳಿದೆ. ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ನನ್ನ ಮುಖ ನೋಡದೆ, ನದಿಯ ಕಡೆಯ ಗೋಡೆಯನ್ನು ನೋಡುತ್ತ ಹೇಳಿದರು.

"ಅವತ್ತ ಮಧ್ಯಾಹ್ನ ಅವರನ್ನ ಮಗ್ಗಲಕ್ಕ ಹೊಳ್ಳಸೂ ಮುಂದ ನನ್ನ ಟೊಂಕ ಹಿಡೀತು. ಸಾಕಪಾ ಶಿವಾ, ಇವರನ್ನ ಕರಕೊಂಡ್ ಬಿಡು ಅಂದೆ. ಬಾಯಿಲೆ ಅಂದಿಲ್ಲ, ಮನಸನ್ಯಾಗ ಅಂದೆ. ಸಂಜೀಕ ಫೋನ್ ತಗದ ನೋಡತೀನಿ, ಮೂವತ್ತೆರಡ ಸಾವಿರ ಜಪ ಹೊಳ್ಳಿ ಕೊಟ್ಟಾನ, ಮ್ಯಾಲೆ ಮೈನಸ್ ಹಚ್ಚಿ. ಅಂಥಾಕಿ ಮಾಡಿದ ಜಪ ಅವನಿಗೆ ಹೆಂಗ ಬೇಕು? ಅದಕ್ಕ ನಿಲ್ಲಿಸಿದೆ."

ಇಪ್ಪತ್ತು ದಿನಕ್ಕೂ ಮೇಲಾಗಿ ಈ ಹೆಂಗಸು ಈ ಮಾತನ್ನು ಒಬ್ಬರೇ ಹೊತ್ತುಕೊಂಡು, ಗಂಡನ ಬಾಯಿಗೆ ಗಂಜಿ ಹಾಕಿದ್ದರು, ಗಂಡನ ಹೆಣದ ಮುಂದೆ ಕೂತಿದ್ದರು, ಬಂದವರಿಗೆಲ್ಲ ಚಹಾ ಮಾಡಿಕೊಟ್ಟಿದ್ದರು. ಸುಮ್ಮನಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ, ನನ್ನ ತಪ್ಪನ್ನು ಶಿವ ಹೊರುತ್ತಿದ್ದ. ಆ ಯೋಚನೆಯೂ ಬಂತು, ಬರಲಿಲ್ಲ ಎಂದು ಹೇಳಲಾರೆ. ಆದರೆ ಅವರ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ತಡೆಯಲಾಗಲಿಲ್ಲ.

ಹೇಳಿದೆ. ಅದು ಶಿವನ ಲೆಕ್ಕವಲ್ಲ ಕಾಕು, ನನ್ನ ಗಲತಿ ಎಂದೆ. ಮೊಳೆಯ ಮೇಲಿದ್ದ ಚೀಲ ತಂದು, ಮಾಲೆ ತೆಗೆದು ಅವರ ಮುಂದೆ ಹಿಡಿದೆ. ಈ ಮೇರು ಇದೆಯಲ್ಲ, ನಾನು ಬರೆದ ಪ್ರೋಗ್ರಾಮಿನಲ್ಲಿಯೂ ಇಂಥದ್ದೊಂದು ಇತ್ತು, ಮಠದಲ್ಲಿ ನಕ್ಕರೆಂದು ಸಿಟ್ಟಿನಲ್ಲಿ ನಾನೇ ಕಿತ್ತುಹಾಕಿದೆ, ಮೇರು ಇಲ್ಲದ್ದಕ್ಕೆ ಎಣಿಕೆ ಸುತ್ತು ಹಾಕಿ ಹಿಂದಕ್ಕೆ ಹೋಯಿತು, ನೀವು ಮಾಡಿದ್ದು ಒಂದೂ ಕಡಿಮೆಯಾಗಿಲ್ಲ ಎಂದೆ. ಕಾಕು ಮಾಲೆಯನ್ನು ಕೈಗೆ ತೆಗೆದುಕೊಂಡು ಮೇರುವಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕೇಳಿದರು. ಅವರಿಗೆ ನನಗಿಂತ ಬೇಗ ಅರ್ಥವಾಯಿತು.

"ಹಂಗಾರ ಅವ ಬ್ಯಾಡ ಅಂದಿಲ್ಲ?"

"ಇಲ್ಲ ಕಾಕು."

ಕಣ್ಣು ಮುಚ್ಚಿಕೊಂಡರು. ಎದೆಯೊಳಗಿನ ಉಸಿರೆಲ್ಲ ಒಮ್ಮೆಲೇ ಹೊರಗೆ ಬಂತು. ಮುಖದ ಗಂಟು ಸಡಿಲಾಯಿತು. ಇಷ್ಟು ದಿನದ ಮೇಲೆ ಮೊದಲ ಸಲ ಅವರು ಬಿಕ್ಕಿ ಬಿಕ್ಕಿ ಅತ್ತರು, ನಾನು ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಾಡಿಸಿದೆ. ಹೇಳಿದ್ದು ಒಳ್ಳೆಯದಾಯಿತು ಎಂದುಕೊಂಡೆ. ನನಗೆ ಕ್ಷಮೆ ಸಿಕ್ಕೇಬಿಟ್ಟಿತು ಎಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಫೋನನ್ನು ತೆಗೆದರು. ಅವರೇ ಒತ್ತಿ, ಜಪದ ಪುಟವನ್ನು ತೆರೆದರು. ಪರದೆಯ ಮೇಲೆ ಮೂವತ್ತಮೂರು ಸಾವಿರ. ಅದನ್ನು ನೋಡುತ್ತ ಕುಳಿತರು. ನೋಡುತ್ತ ನೋಡುತ್ತ ಹುಬ್ಬು ಮತ್ತೆ ಕೂಡಿತು.

"ಇದು ಸರಿ ಆಗೇದಲ್ಲ. ಯಾವಾಗ ಸರಿ ಮಾಡಿದಿ?"

ಮೊನ್ನೆ ಎನ್ನಬಹುದಿತ್ತು. ಕಾರ್ಯ ಮುಗಿದ ಮೇಲೆ ಎನ್ನಬಹುದಿತ್ತು. ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೆ ಇಷ್ಟಕ್ಕೆಲ್ಲ ಕಾರಣವಾದದ್ದೇ ನಿಲ್ಲಬೇಕಾದ ಕಡೆ ನಿಲ್ಲದೆ ಸುಳ್ಳು ತೋರಿಸುತ್ತ ಹೋದ ಒಂದು ಯಂತ್ರ. ನಾನೂ ಹಾಗೆಯೇ ಮಾಡಲಾರದೆ ಹೋದೆ.

"ಸೋಮವಾರ," ಎಂದೆ. "ಕಾಕಾ ಹೋದರಲ್ಲ, ಅದರ ಹಿಂದಿನ ಸೋಮವಾರ ಬೆಳಿಗ್ಗೆ."

ಕಾಕು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಇಡುತ್ತ ಎಣಿಸಿದರು. ಸೋಮವಾರ. ಮಂಗಳವಾರ. ಬುಧವಾರ. ಗುರುವಾರ. ನಾಲ್ಕನೆಯ ಗೆಣ್ಣಿನ ಮೇಲೆ ಹೆಬ್ಬೆರಳು ನಿಂತಿತು.

"ದೀಪಾ ಹಚ್ಚಿದ ಮ್ಯಾಲೆ ಅವರು ದಿನಾ ನನ್ನ ಕೈ ಕಡೇನ ನೋಡತಿದ್ರು," ಎಂದರು. "ನಾ ಮಾರಿ ತಿರುವತಿದ್ದೆ. ಯಾಕ ಅಂತ ಅವರಿಗೆ ಗೊತ್ತಾಗಲೇ ಇಲ್ಲ. ನೀ ಒಂದ ಮಾತ ಹೇಳಿದ್ದಿ ಅಂದ್ರ, ನಾಲ್ಕ ಸರ್ತಿ ಬೆರಳ ಎತ್ತತಿದ್ರು."

ಕತ್ತಲಾಗುತ್ತ ಬಂದಿತ್ತು. ಕಾಕು ಮಾಲೆಯನ್ನು ಚೀಲಕ್ಕೆ ಹಾಕಿ, ಗೋಡೆ ಹಿಡಿದುಕೊಂಡು ಎದ್ದು, ದೀಪ ಹಚ್ಚಲು ಒಳಗೆ ಹೋದರು. ನನ್ನನ್ನು ಒಳಗೆ ಬಾ ಎನ್ನಲಿಲ್ಲ.